ಹಡಗಿನಲ್ಲಿ ಇರುವಾಗಲೇ ಮುಂದಿನ ಕ್ರೂಸ್ ಬುಕ್ ಮಾಡಬೇಕಾ?

ಪ್ರಶ್ನೆ: ನಾನು, ನನ್ನ ಗಂಡ, 11 ವರ್ಷದ ಮಗಳು ಈಗ ಕೆರಿಬಿಯನ್ ಸಮುದ್ರದಲ್ಲಿ 7 ರಾತ್ರಿಯ ಕ್ರೂಸ್‌ನಲ್ಲಿದ್ದೇವೆ. ಇದು ನಮ್ಮ ಮೊದಲ ಕ್ರೂಸ್. ಇವತ್ತು ನಾಲ್ಕನೇ ದಿನ. ಮುಂದಿನ ಪ್ರಯಾಣವನ್ನು ಹಡಗಿನಲ್ಲೇ ಬುಕ್ ಮಾಡಿದರೆ ಕಡಿಮೆ ಮುಂಗಡ ಸಾಕು, ಜೊತೆಗೆ ಖರ್ಚಿಗೆ ಡಾಲರ್ ಲೆಕ್ಕದಲ್ಲಿ ಕ್ರೆಡಿಟ್ ಕೊಡುತ್ತೇವೆ ಅಂತ ದಿನಾ ಕೋಣೆಗೆ ಒಂದು ಚೀಟಿ ಬರುತ್ತಿದೆ. ಮುಂದಿನ ವರ್ಷ ಮಗಳ ಬೇಸಿಗೆ ರಜೆಯಲ್ಲಿ ಅಲಾಸ್ಕಾ ನೋಡಬೇಕು ಅಂತ ನಮಗೆ ಆಸೆ ಇದೆ. ನನ್ನ ಗಂಡ ಮಾತ್ರ, ಇದು ಜನರನ್ನು ಅವಸರಕ್ಕೆ ಬೀಳಿಸುವ ದಾರಿ, ಮನೆಗೆ ಹೋಗಿ ನಿಧಾನವಾಗಿ ನೋಡೋಣ ಅನ್ನುತ್ತಾರೆ. ಈ ಪ್ರಯಾಣವನ್ನು ಒಬ್ಬ ಏಜೆಂಟ್ ಮೂಲಕ ಬುಕ್ ಮಾಡಿದ್ದೆವು. ಅವರನ್ನು ಬಿಟ್ಟು ಇಲ್ಲೇ ಮಾಡಿದರೆ ತಪ್ಪಾಗುತ್ತದಾ? ಏನು ಮಾಡಲಿ?

ಉತ್ತರ: ನಿಮಗೆ ಉಳಿದಿರುವುದು ಮೂರೇ ದಿನ. ಹಾಗಾಗಿ ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಕಟ್ಟಿದ ಮುಂಗಡ ಪೂರ್ತಿ ವಾಪಸ್ ಬರುತ್ತದೆ ಅಂತ ಬರಹದಲ್ಲಿ ಇದ್ದರೆ ಬುಕ್ ಮಾಡಿ. ವಾಪಸ್ ಬರುವುದಿಲ್ಲ ಅಂತಿದ್ದರೆ, ಎಷ್ಟೇ ಕ್ರೆಡಿಟ್ ಕೊಟ್ಟರೂ ಈಗ ಬೇಡ. ಮೂರು ಜನ ಒಂದೇ ಕೋಣೆಯಲ್ಲಿ, ಅದೂ ಶಾಲೆ ರಜೆಯಲ್ಲಿ, ಅದೂ ಅಲಾಸ್ಕಾಗೆ ಹೋಗಬೇಕು ಅನ್ನುವವರಿಗೆ ಬೇಗ ಬುಕ್ ಮಾಡುವುದರಿಂದ ನಿಜವಾಗಿಯೂ ಲಾಭ ಇದೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಯಜಮಾನರ ಅನುಮಾನ ತಪ್ಪಲ್ಲ. ರಜೆಯ ಖುಷಿಯಲ್ಲಿರುವಾಗ ಮನಸ್ಸು ಬೇಗ ಹೂಂ ಅನ್ನುತ್ತದೆ. ಕಂಪನಿಗೂ ಇದು ಗೊತ್ತು. ಹೊಸ ಗಿರಾಕಿಯನ್ನು ಹುಡುಕಿ ತರಲು ಜಾಹೀರಾತಿಗೆ ಹಣ ಸುರಿಯಬೇಕು. ಹಡಗಿನಲ್ಲೇ ಇರುವ ಗಿರಾಕಿಗೆ ಅಷ್ಟು ಖರ್ಚಿಲ್ಲ. ಆ ಉಳಿತಾಯದಲ್ಲಿ ಒಂದು ಪಾಲನ್ನೇ ನಿಮಗೆ ಕ್ರೆಡಿಟ್ ರೂಪದಲ್ಲಿ ಕೊಡುತ್ತಾರೆ. ಮುಂದಿನ ಪ್ರಯಾಣ ಬುಕ್ ಮಾಡುವ ಕೌಂಟರಿನಲ್ಲಿ ಕೂತಿರುವವರಿಗೂ ಸಾಮಾನ್ಯವಾಗಿ ಬುಕಿಂಗ್ ಮೇಲೆ ಕಮಿಷನ್ ಇರುತ್ತದೆ. ಇದರಲ್ಲಿ ಮೋಸ ಏನಿಲ್ಲ. ಆದರೆ ಅವರು ಏನು ಮಾರುತ್ತಿದ್ದಾರೆ ಅನ್ನುವುದು ನಿಮಗೆ ಸ್ಪಷ್ಟವಾಗಿ ಗೊತ್ತಿರಬೇಕು.

ಬಹಳ ಜನ ಇಲ್ಲೇ ತಪ್ಪು ತಿಳಿಯುತ್ತಾರೆ. ಹಡಗಿನ ಕೌಂಟರಿನಲ್ಲಿ ಟಿಕೆಟ್ ದರ ಕಡಿಮೆ ಅಂದುಕೊಳ್ಳುತ್ತಾರೆ. ಹೆಚ್ಚಿನ ಕಂಪನಿಗಳಲ್ಲಿ ದರ ಎಲ್ಲಾ ಕಡೆ ಒಂದೇ. ಅವತ್ತು ವೆಬ್‌ಸೈಟಿನಲ್ಲಿ, ಏಜೆಂಟ್ ಹತ್ತಿರ ಎಷ್ಟಿದೆಯೋ ಹಡಗಿನಲ್ಲೂ ಅಷ್ಟೇ. ಹಡಗಿನಲ್ಲಿ ಜಾಸ್ತಿ ಸಿಗುವುದು ಎರಡು. ಒಂದು, ಮುಂಗಡ ಕಡಿಮೆ. ಎರಡು, ಹಡಗಿನೊಳಗಿನ ಖರ್ಚಿಗೆ ಕೊಡುವ ಆನ್‌ಬೋರ್ಡ್ ಕ್ರೆಡಿಟ್. ಇದಕ್ಕೆ ಹೊರತಾದ ಕಂಪನಿಗಳೂ ಇವೆ. ಡಿಸ್ನಿ ಕ್ರೂಸ್‌ನಲ್ಲಿ ಪ್ಲೇಸ್‌ಹೋಲ್ಡರ್ ಅನ್ನುವ ಪದ್ಧತಿ ಇದೆ. ಒಂದು ಕೋಣೆಗೆ ಇಂತಿಷ್ಟು ಅಂತ ಸಣ್ಣ ಮೊತ್ತ ಕಟ್ಟಿ ಬಂದರೆ, ಆಮೇಲೆ ಬುಕ್ ಮಾಡುವ ಪ್ರಯಾಣದ ದರದಲ್ಲೇ ಕಡಿತ ಕೊಡುವುದು ಅದರ ಹೆಸರಾದ ಕೊಡುಗೆ. ಉಳಿದ ಕಡೆ ಹೆಸರು ಬೇರೆ ಬೇರೆ. ರಾಯಲ್ ಕೆರಿಬಿಯನ್‌ನವರು ನೆಕ್ಸ್ಟ್‌ಕ್ರೂಸ್ ಅನ್ನುತ್ತಾರೆ. ನಾರ್ವೀಜಿಯನ್‌ನವರು ಅದನ್ನೇ ತಿರುಗಿಸಿ ಕ್ರೂಸ್‌ನೆಕ್ಸ್ಟ್ ಅನ್ನುತ್ತಾರೆ. ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕಾದಲ್ಲಿ ಫ್ಯೂಚರ್ ಕ್ರೂಸ್ ಡಿಪಾಸಿಟ್. ಹೆಸರು ಏನೇ ಇರಲಿ, ಒಳಗಿರುವುದು ಎರಡೇ ಬಗೆ.

ಮೊದಲನೆಯದರಲ್ಲಿ ಹಡಗು, ತಾರೀಕು, ಕೋಣೆ ನಂಬರ್ ಎಲ್ಲಾ ಆರಿಸಿ ಬುಕ್ ಮಾಡುತ್ತೀರಿ. ಅವತ್ತಿನ ದರ ನಿಮಗೆ ಗಟ್ಟಿಯಾಗುತ್ತದೆ. ಎರಡನೆಯದು ಓಪನ್ ಡಿಪಾಸಿಟ್. ಯಾವ ಹಡಗು, ಯಾವಾಗ ಅನ್ನುವುದನ್ನು ತೀರ್ಮಾನಿಸದೆ ಒಂದು ಮೊತ್ತ ಕಟ್ಟಿ ಬರುತ್ತೀರಿ. ಆಮೇಲೆ ಮನೆಯಲ್ಲಿ ಕೂತು ಆರಿಸಿಕೊಂಡಾಗ ಆ ಮೊತ್ತ ಮುಂಗಡಕ್ಕೆ ಜಮಾ ಆಗುತ್ತದೆ, ಕ್ರೆಡಿಟ್ ಕೂಡ ಸೇರುತ್ತದೆ. ಆದರೆ ಇದರಲ್ಲಿ ದರ ಗಟ್ಟಿಯಾಗುವುದಿಲ್ಲ, ಕೋಣೆಯೂ ನಿಮ್ಮದಾಗುವುದಿಲ್ಲ. ಸಿಗುವುದು ಕ್ರೆಡಿಟ್ ಮೇಲಿನ ಹಕ್ಕು ಅಷ್ಟೇ. ಅದಕ್ಕೂ ಅವಧಿ ಇರುತ್ತದೆ. ಆ ಅವಧಿಯ ಒಳಗೆ ಬುಕ್ ಮಾಡಿದರೆ ಸಾಕಾ, ಇಲ್ಲಾ ಪ್ರಯಾಣವನ್ನೇ ಮುಗಿಸಬೇಕಾ ಅಂತ ಕೇಳಿ. ಈ ಎರಡರ ನಡುವೆ ಒಂದು ವರ್ಷದಷ್ಟು ವ್ಯತ್ಯಾಸ ಬರಬಹುದು. ಬಳಸದೇ ಹೋದರೆ ಹಣ ವಾಪಸ್ ಬರುತ್ತದಾ, ತಾನಾಗಿ ಬರುತ್ತದಾ ಅಥವಾ ನಾವು ಅರ್ಜಿ ಹಾಕಬೇಕಾ ಅನ್ನುವುದನ್ನೂ ಕೇಳಿ.

ಈಗ ಮುಖ್ಯ ವಿಷಯ. ಕೌಂಟರಿನಲ್ಲಿ ದರ ಹೇಳುವಾಗ ಸಾಮಾನ್ಯವಾಗಿ ಕಡಿಮೆ ಇರುವ ದರವನ್ನೇ ಮೊದಲು ತೋರಿಸುತ್ತಾರೆ. ಆ ಕಡಿಮೆ ದರದ ಜೊತೆ ಬರುವ ಮುಂಗಡ ಹಲವು ಸಲ ವಾಪಸ್ ಬಾರದ ಮುಂಗಡವಾಗಿರುತ್ತದೆ. ಅದೇ ಕೋಣೆಗೆ ವಾಪಸ್ ಬರುವ ಮುಂಗಡದ ದರ ಬೇರೆ ಇರುತ್ತದೆ, ಸ್ವಲ್ಪ ಜಾಸ್ತಿ. ನೀವಾಗಿ ಕೇಳದೇ ಇದ್ದರೆ ಆ ಎರಡನೆಯ ದರ ಪರದೆ ಮೇಲೆ ಬರುವುದೇ ಇಲ್ಲ. ಹಾಗಾಗಿ ಕುರ್ಚಿಯಲ್ಲಿ ಕೂತ ಕೂಡಲೇ, 'ವಾಪಸ್ ಬರುವ ಮುಂಗಡದ ದರ ತೋರಿಸಿ' ಅನ್ನಿ. ಎರಡನ್ನೂ ಅಕ್ಕಪಕ್ಕ ಬರೆಸಿಕೊಳ್ಳಿ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ವಾಪಸ್ ಬಾರದ ದರ ಮೂವರಿಗೆ ಸೇರಿ 4,500 ಡಾಲರ್, ವಾಪಸ್ ಬರುವ ದರ 4,800 ಡಾಲರ್ ಅಂತ ಇಟ್ಟುಕೊಳ್ಳಿ. ವ್ಯತ್ಯಾಸ 300. ಕಡಿಮೆ ದರದ್ದನ್ನು ತೆಗೆದುಕೊಂಡಿರಿ, ಮಗಳ ಶಾಲೆಯ ತಾರೀಕು ಬದಲಾಯಿತು, ನೀವೂ ತಾರೀಕು ಬದಲಿಸಬೇಕಾಯಿತು. ಇಂಥ ಬದಲಾವಣೆಗೆ ತಲೆಗೆ 100 ಡಾಲರ್ ಶುಲ್ಕ ಹಾಕುವ ಕಂಪನಿಗಳಿವೆ. ಮೂವರಿಗೆ 300 ಆಯಿತು. ಒಂದೇ ಸಲ ಬದಲಿಸಿದರೆ ಉಳಿಸಿದ್ದು ಪೂರ್ತಿ ಹೋಯಿತು. ಪ್ರಯಾಣವೇ ಬೇಡ ಅಂತಾದರೆ ಮುಂಗಡವೂ ಹೋಯಿತು. ಈ ಪ್ರಯಾಣ ಬದಲಾಗುವ ಸಂಭವ ಎಷ್ಟು ಅನ್ನುವುದನ್ನು ನೀವಿಬ್ಬರು ಕೂತು ಮಾತಾಡಿ. ಒಂದು ವರ್ಷದ ಆಚೆಗಿನ ಪ್ರಯಾಣ ಇದು. ಮಗು ಇರುವ ಮನೆಯಲ್ಲಿ ತಾರೀಕು ಬದಲಾಗುವುದು ಅಪರೂಪವೇನಲ್ಲ.

ಇದನ್ನು ನಾನು ಅನುಭವಿಸಿ ಕಲಿತವರಲ್ಲಿ ಒಬ್ಬ. ಕೆಲವು ವರ್ಷಗಳ ಹಿಂದೆ ಒಂದು ಹಡಗಿನಲ್ಲಿ ಕೊನೆಯ ಸಂಜೆ, ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ನಮ್ಮ ಮೂವರಿಗೆ ಮುಂದಿನ ಪ್ರಯಾಣ ಬುಕ್ ಮಾಡಿದೆ. ಹಿಂದೆ ಜನ ಕಾಯುತ್ತಿದ್ದರು. ಕೊಟ್ಟ ಕಾಗದಕ್ಕೆ ಸಹಿ ಹಾಕಿದೆ, ಓದಲಿಲ್ಲ. ಐದು ತಿಂಗಳ ನಂತರ ಅಮ್ಮನಿಗೆ ಆಪರೇಷನ್ ಆಗಬೇಕಾಯಿತು, ಪ್ರಯಾಣ ಮುಂದೂಡಲು ಫೋನ್ ಮಾಡಿದೆ. ಆಗ ಗೊತ್ತಾಯಿತು, ನಾನು ಕಟ್ಟಿದ್ದು ವಾಪಸ್ ಬಾರದ ಮುಂಗಡ. ಬದಲಾವಣೆ ಶುಲ್ಕ ಕಟ್ಟಿದೆ. ಹೊಸ ತಾರೀಕಿಗೆ ಹೋಗುವಾಗ ಹಡಗಿನಲ್ಲಿ ಕೊಟ್ಟಿದ್ದ ಕ್ರೆಡಿಟ್ ಕೂಡ ಕಳೆದುಹೋಯಿತು. ಕಾಗದದಲ್ಲಿ ಎಲ್ಲಾ ಬರೆದಿತ್ತು. ಕೌಂಟರಿನಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವತ್ತಿನಿಂದ ನನ್ನನ್ನು ಕೇಳುವ ಪ್ರತಿಯೊಬ್ಬರಿಗೂ ಕ್ರೆಡಿಟ್ ಎಷ್ಟು ಅನ್ನುವುದಕ್ಕಿಂತ ಮೊದಲು ಮುಂಗಡ ವಾಪಸ್ ಬರುತ್ತದಾ ಅಂತ ಕೇಳಿ ಅನ್ನುತ್ತೇನೆ.

ಮುಂಗಡ ವಾಪಸ್ ಬರುವ ಹಾಗಿದ್ದರೆ ಇನ್ನೊಂದು ದೊಡ್ಡ ಅನುಕೂಲ ಇದೆ. ಪೂರ್ತಿ ಹಣ ಕಟ್ಟುವ ಕೊನೆಯ ದಿನ ಸಾಮಾನ್ಯವಾಗಿ ಹಡಗು ಹೊರಡುವುದಕ್ಕೆ 75ರಿಂದ 120 ದಿನ ಮೊದಲು ಬರುತ್ತದೆ. 7 ರಾತ್ರಿಯ ಪ್ರಯಾಣಕ್ಕೆ ಹಲವು ಕಡೆ 90 ದಿನ. ಅಲ್ಲಿಯವರೆಗೆ ದರ ಇಳಿದರೆ, ಇಳಿದ ದರಕ್ಕೆ ಬದಲಿಸಿಕೊಡಿ ಅಂತ ಕೇಳಬಹುದು. ದರ ಏರಿದರೆ ನಿಮ್ಮ ಹಳೆಯ ದರವೇ ಉಳಿಯುತ್ತದೆ. ತಿಂಗಳಿಗೊಮ್ಮೆ ಅದೇ ಹಡಗು, ಅದೇ ತಾರೀಕು, ಅದೇ ಬಗೆಯ ಕೋಣೆಯ ದರ ನೋಡುತ್ತಿರಿ. ಇಳಿದಿದ್ದು ಕಂಡರೆ ಫೋನ್ ಮಾಡುವ ಮೊದಲು ಒಂದು ಕೂಡಿಸಿ ಕಳೆಯುವ ಲೆಕ್ಕ ಮಾಡಿ. ಹೊಸ ದರಕ್ಕೆ ಹೋದರೆ ಹಳೆಯ ಕೊಡುಗೆಗಳು ಹೋಗಬಹುದು. 80 ಡಾಲರ್ ದರ ಇಳಿಯಿತು ಅಂತ 150 ಡಾಲರಿನ ಕ್ರೆಡಿಟ್ ಬಿಟ್ಟುಕೊಟ್ಟವರನ್ನು ನಾನು ನೋಡಿದ್ದೇನೆ. ಪೂರ್ತಿ ಹಣ ಕಟ್ಟಿದ ಮೇಲೆ ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಆಮೇಲೆ ರದ್ದು ಮಾಡಿದರೆ ದಂಡ ಹಂತ ಹಂತವಾಗಿ ಏರುತ್ತದೆ. ಆ ಕೊನೆಯ ತಾರೀಕನ್ನು ಇವತ್ತೇ ಫೋನಿನ ಕ್ಯಾಲೆಂಡರಿಗೆ ಹಾಕಿಕೊಳ್ಳಿ, ಅದಕ್ಕೆ ಒಂದು ವಾರ ಮೊದಲು ಇನ್ನೊಂದು ನೆನಪು ಇಡಿ.

ಕ್ರೆಡಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಈ ಪ್ರಯಾಣದ ಬಿಲ್ಲಿಗೆ ಸೇರುತ್ತದಾ, ಮುಂದಿನದಕ್ಕಾ ಅಂತ ಕೇಳಿ. ಹೆಚ್ಚಾಗಿ ಮುಂದಿನದಕ್ಕೆ. ತಲೆಗೆ ಇಷ್ಟಾ, ಕೋಣೆಗೆ ಇಷ್ಟಾ? ಮೂರನೆಯವರಿಗೆ, ಅಂದರೆ ಮಗಳಿಗೆ, ಸಾಮಾನ್ಯವಾಗಿ ಲೆಕ್ಕ ಇರುವುದಿಲ್ಲ. ಉಳಿದ ಕ್ರೆಡಿಟ್ ನಗದಾಗಿ ಬರುವುದು ಕಡಿಮೆ. ಹಡಗಿನಲ್ಲಿ ದಿನಕ್ಕಿಷ್ಟು ಅಂತ ಹಾಕುವ ಟಿಪ್ಸ್, ವೈಫೈ, ದಡದ ಪ್ರವಾಸ, ಇವುಗಳಲ್ಲಿ ಯಾವುದಕ್ಕೆ ಬಳಸಬಹುದು ಅಂತ ತಿಳಿದುಕೊಂಡರೆ ಸಾಕು.

ನಿಮ್ಮ ಏಜೆಂಟ್ ವಿಷಯ. ಇದನ್ನು ನೀವು ಕೇಳಿದ್ದು ನನಗೆ ಖುಷಿಯಾಯಿತು, ಎಷ್ಟೋ ಜನ ಈ ಬಗ್ಗೆ ಯೋಚನೆಯನ್ನೇ ಮಾಡುವುದಿಲ್ಲ. ಹಡಗಿನಲ್ಲಿ ಬುಕ್ ಮಾಡಿದರೆ ಏಜೆಂಟನ್ನು ಬಿಟ್ಟ ಹಾಗಲ್ಲ. ಈಗಿನ ಪ್ರಯಾಣ ಯಾರ ಮೂಲಕ ಆಗಿದೆಯೋ ಅವರ ಹೆಸರಿಗೇ ಹೊಸ ಬುಕಿಂಗನ್ನೂ ಹಾಕಿ ಅಂತ ಹೇಳಿದರೆ ಸಾಕು. ಹೆಚ್ಚಿನ ಕಂಪನಿಗಳು ಹಾಗೇ ಮಾಡುತ್ತವೆ. ಏಜೆಂಟಿಗೆ ಅವರ ಕಮಿಷನ್ ಸಿಗುತ್ತದೆ, ನಿಮಗೆ ಹಡಗಿನ ಕ್ರೆಡಿಟ್ ಸಿಗುತ್ತದೆ. ಏಜೆಂಟ್ ಕೂಡ ತಮ್ಮ ಕಡೆಯಿಂದ ಏನಾದರೂ ಸೇರಿಸುವುದುಂಟು. ಆಮೇಲೆ ದರ ಇಳಿದಾಗ, ತಾರೀಕು ಬದಲಿಸುವಾಗ ಕಂಪನಿಯ ಫೋನ್ ಸಾಲಿನಲ್ಲಿ ಕಾಯುವ ಕೆಲಸ ಅವರದ್ದಾಗುತ್ತದೆ. ಇಷ್ಟು ಮಾತ್ರ ಗಮನದಲ್ಲಿಡಿ. ಏಜೆಂಟ್ ಮೂಲಕ ಬುಕ್ ಆಗಿದ್ದರೆ, ಕಂಪನಿ ಹಲವು ವಿಷಯಗಳಲ್ಲಿ ನಿಮ್ಮ ಜೊತೆ ನೇರ ಮಾತಾಡುವುದಿಲ್ಲ, ಏಜೆಂಟರನ್ನೇ ಕೇಳಿ ಅನ್ನುತ್ತದೆ. ಈ ಸಲದ ಏಜೆಂಟ್ ಫೋನಿಗೆ ಸಿಗದೆ ಸತಾಯಿಸಿದ್ದರೆ, ನೇರವಾಗಿ ಬುಕ್ ಮಾಡಿ, ಆಮೇಲೆ ಒಳ್ಳೆಯ ಏಜೆಂಟಿಗೆ ವರ್ಗಾಯಿಸಿ. ವರ್ಗಾವಣೆಗೆ ಗಡುವು ಇರುತ್ತದೆ, ಬುಕ್ ಆದ ದಿನದಿಂದ 30 ಅಥವಾ 60 ದಿನ ಅನ್ನುವ ರೀತಿ. ಗಡುವು ದಾಟಿದರೆ ಆಗುವುದಿಲ್ಲ.

ಇನ್ನು ಅಲಾಸ್ಕಾ. ಹಡಗಿನ ಕೌಂಟರಿನಲ್ಲಿರುವವರಿಗೆ ದರ, ಕೋಣೆ, ಕೊಡುಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಯಾವ ದಾರಿ ನಿಮಗೆ ಸರಿ ಅನ್ನುವುದನ್ನು ಅವರ ಕೈಗೆ ಬಿಡಬೇಡಿ. ಅವರು ತಮ್ಮ ಕಂಪನಿಯ ಹಡಗುಗಳನ್ನೇ ತೋರಿಸಬೇಕು. ಅಲಾಸ್ಕಾದಲ್ಲಿ ಕಂಪನಿ ಬದಲಾದರೆ ಕೆಲವು ಸಲ ನೋಡುವ ಜಾಗವೇ ಬದಲಾಗುತ್ತದೆ. ಹಿಮನದಿಗಳಿರುವ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದ ಒಳಗೆ ದಿನಕ್ಕೆ 2 ಕ್ರೂಸ್ ಹಡಗುಗಳಿಗೆ ಮಾತ್ರ ಅನುಮತಿ. ಆ ಅನುಮತಿಯಲ್ಲಿ ದೊಡ್ಡ ಪಾಲು ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕಾ ಹತ್ತಿರ ಇದೆ. ನಾರ್ವೀಜಿಯನ್ ಹತ್ತಿರವೂ ಇದೆ. ಬೇರೆ ಹಲವು ಹಡಗುಗಳು ಹಬಾರ್ಡ್ ಗ್ಲೇಸಿಯರ್ ಅನ್ನುವ ಹಿಮನದಿಯ ಕಡೆಗೋ, ಎಂಡಿಕಾಟ್ ಆರ್ಮ್ ಅನ್ನುವ ಕಿರಿದಾದ ಕೊಲ್ಲಿಯ ಕಡೆಗೋ ಹೋಗುತ್ತವೆ. ಅವೂ ಕಣ್ಣು ತುಂಬುವಂಥವೇ. ಆದರೆ ನಿಮ್ಮ ಮನಸ್ಸಿನಲ್ಲಿರುವುದು ಗ್ಲೇಸಿಯರ್ ಬೇ ಆಗಿದ್ದು, ಈಗಿರುವ ಕಂಪನಿ ಅಲ್ಲಿಗೆ ಹೋಗುವುದೇ ಇಲ್ಲ ಅಂತಾದರೆ, 100 ಡಾಲರ್ ಕ್ರೆಡಿಟ್ಟಿಗಾಗಿ ಆಸೆಯನ್ನು ಬದಲಿಸಬೇಡಿ.

ಎಲ್ಲಿಂದ ಹತ್ತುತ್ತೀರಿ ಅನ್ನುವುದೂ ಮುಖ್ಯ. ಅಮೆರಿಕಾದ ಸಿಯಾಟಲ್‌ನಿಂದ ಹೋಗಿ ಅಲ್ಲಿಗೇ ಬರುವ ಹಡಗುಗಳು ಹೆಚ್ಚಾಗಿ ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಸಮುದ್ರದಲ್ಲಿ ಹೋಗುತ್ತವೆ. ಅಲ್ಲಿ ಸ್ವಲ್ಪ ತೂಗಾಟ ಇರಬಹುದು. ಕೆನಡಾದ್ದೇ ಆದ ವ್ಯಾಂಕೂವರ್ ನಗರದಿಂದ ಹೊರಡುವವು ಇನ್‌ಸೈಡ್ ಪ್ಯಾಸೇಜ್ ಅನ್ನುವ ದ್ವೀಪಗಳ ನಡುವಿನ ದಾರಿಯಲ್ಲಿ ಹೋಗುತ್ತವೆ. ನೀರು ಶಾಂತ, ಎರಡೂ ಕಡೆ ಕಾಡು ಹತ್ತಿರ ಕಾಣುತ್ತದೆ. ಇನ್ನೊಂದು ಬಗೆ, ವ್ಯಾಂಕೂವರ್‌ನಿಂದ ಉತ್ತರಕ್ಕೆ ಹೋಗಿ ಅಲಾಸ್ಕಾದ ಸೂವರ್ಡ್ ಅಥವಾ ವಿಟಿಯರ್ ಬಂದರಿನಲ್ಲಿ ಇಳಿಯುವ ಒಂದು ಕಡೆಯ ಪ್ರಯಾಣ. ಅಲಾಸ್ಕಾದ ಒಳನಾಡಿನ ಡೆನಾಲಿ ರಾಷ್ಟ್ರೀಯ ಉದ್ಯಾನದ ಕಡೆ ಹೋಗುವ ಆಸೆ ಇದ್ದರೆ ಅದು ಸರಿ, ಆದರೆ ವಿಮಾನದ ಟಿಕೆಟ್ ಎರಡು ಬೇರೆ ಊರುಗಳಿಗೆ ಆಗುತ್ತದೆ. ಮೊದಲ ಸಲ ತೂಗಾಟಕ್ಕೆ ಹೊಟ್ಟೆ ತೊಳಸಿದ ಅನುಭವ ನಿಮ್ಮಲ್ಲಿ ಯಾರಿಗಾದರೂ ಈ ವಾರ ಆಗಿದ್ದರೆ, ನಾನು ವ್ಯಾಂಕೂವರ್ ದಾರಿಯನ್ನೇ ಹೇಳುತ್ತೇನೆ.

ಸಿಯಾಟಲ್ ಹಡಗುಗಳ ಪಟ್ಟಿಯಲ್ಲಿ ಕೆನಡಾದ ವಿಕ್ಟೋರಿಯಾ ಹೆಸರು ಯಾಕಿರುತ್ತದೆ ಗೊತ್ತಾ? ಅದರ ಹಿಂದೆ 1886ರ ಒಂದು ಅಮೆರಿಕಾ ಕಾನೂನು ಇದೆ. ಬೇರೆ ದೇಶದ ಬಾವುಟ ಹೊತ್ತ ಹಡಗು ಅಮೆರಿಕಾದ ಒಂದು ಬಂದರಿನಿಂದ ಹೊರಟು ಅಲ್ಲಿಗೇ ಮರಳುವುದಾದರೆ ನಡುವೆ ಒಂದು ವಿದೇಶಿ ಬಂದರಿಗೆ ಹೋಗಲೇಬೇಕು. ಅಮೆರಿಕಾದ ಒಂದು ಬಂದರಿನಲ್ಲಿ ಹತ್ತಿಸಿಕೊಂಡು ಇನ್ನೊಂದರಲ್ಲಿ ಇಳಿಸುವುದಾದರೆ ಹತ್ತಿರದ ಕೆನಡಾ ಸಾಲದು, ದೂರದ ವಿದೇಶಿ ಬಂದರು ಬೇಕು. ಹಡಗಿನಲ್ಲಿ ಹುರುಪಿನಿಂದ ಒಂದರ ಹಿಂದೆ ಒಂದು ಎರಡು ಪ್ರಯಾಣ ಬುಕ್ ಮಾಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಲಾಸ್ ಏಂಜಲೀಸ್‌ನಿಂದ ವ್ಯಾಂಕೂವರ್, ಅದೇ ಹಡಗಿನಲ್ಲಿ ವ್ಯಾಂಕೂವರ್‌ನಿಂದ ವಿಟಿಯರ್. ಎರಡೂ ಬೇರೆ ಬೇರೆಯಾಗಿ ಸರಿ. ಜೋಡಿಸಿದರೆ ಕಾನೂನಿಗೆ ಅದು ಲಾಸ್ ಏಂಜಲೀಸ್‌ನಿಂದ ವಿಟಿಯರ್‌ಗೆ ಒಂದೇ ಪ್ರಯಾಣ, ಅದಕ್ಕೆ ಅವಕಾಶ ಇಲ್ಲ. ನಿಮಗೆ ಈಗ ಇದು ಬೇಕಾಗಿಲ್ಲ, ಆದರೂ ತಿಳಿದಿರಲಿ ಅಂತ ಹೇಳಿದೆ.

ಬೇಗ ಬುಕ್ ಮಾಡಿ ಅಂದಿದ್ದು ಮಗಳ ಕಾರಣಕ್ಕೆ. ಎಲ್ಲಾ ಕೋಣೆಗಳಲ್ಲಿ ಮೂರನೆಯವರಿಗೆ ಹಾಸಿಗೆ ಇರುವುದಿಲ್ಲ. ಇರುವ ಕೋಣೆಗಳನ್ನೂ ಮನಸ್ಸಿಗೆ ಬಂದಷ್ಟು ತುಂಬುವ ಹಾಗಿಲ್ಲ. ಹಡಗಿನ ಪ್ರತಿ ಭಾಗಕ್ಕೂ ಇಂತಿಷ್ಟು ಜನ ಅಂತ ಲೈಫ್‌ಬೋಟ್ ಲೆಕ್ಕ ಇರುತ್ತದೆ. ಆ ಲೆಕ್ಕ ಮುಗಿದರೆ, ಕೋಣೆಯಲ್ಲಿ ಮೂರು ಹಾಸಿಗೆ ಇದ್ದರೂ ಇಬ್ಬರಿಗೆ ಮಾತ್ರ ಕೊಡುತ್ತಾರೆ. ಅಲಾಸ್ಕಾಗೆ ಹಡಗುಗಳು ಹೋಗುವುದೇ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ. ಅದರಲ್ಲಿ ಜೂನ್, ಜುಲೈ, ಆಗಸ್ಟ್ ಮಕ್ಕಳಿರುವ ಕುಟುಂಬಗಳ ಕಾಲ. ಹಾಗಾಗಿ ಮೂವರ ಕೋಣೆಗಳು ಬೇಗ ಮುಗಿದುಹೋಗುತ್ತವೆ. ಇಬ್ಬರೇ ಹೋಗುವವರಾಗಿದ್ದು, ತಾರೀಕಿನ ಹಂಗೂ ಇಲ್ಲದಿದ್ದರೆ, ಕಾದು ನೋಡಿ ಅನ್ನುತ್ತಿದ್ದೆ. ಶಾಲೆಯವರು ರಜೆ ಕೊಡುವ ಹಾಗಿದ್ದರೆ ಮೇ ಕೊನೆ, ಜೂನ್ ಮೊದಲ ವಾರ ನೋಡಿ. ಆಗ ಅಲ್ಲಿ ಆಗಸ್ಟ್ ಕೊನೆಗಿಂತ, ಸೆಪ್ಟೆಂಬರಿಗಿಂತ ಮಳೆ ಕಡಿಮೆ, ದರವೂ ಸಾಮಾನ್ಯವಾಗಿ ಜುಲೈಗಿಂತ ಇಳಿದಿರುತ್ತದೆ.

ಮನೆಗೆ ಹೋದ ಮೇಲೆ ಸಿಗದೇ ಇರುವ ಒಂದು ಅವಕಾಶ ಈಗ ನಿಮ್ಮ ಕೈಯಲ್ಲಿದೆ. ನನಗೆ ಹಡಗಿನಲ್ಲಿ ಬುಕ್ ಮಾಡುವುದರಲ್ಲಿ ತುಂಬಾ ಇಷ್ಟವಾಗುವ ಕೆಲಸವೂ ಇದೇ. ಒಂದೇ ಕಂಪನಿಯ ಹಲವು ಹಡಗುಗಳು ಒಂದೇ ನಕ್ಷೆಯಲ್ಲಿ ಕಟ್ಟಿದ ಅಕ್ಕತಂಗಿಯರ ಹಾಗೆ ಇರುತ್ತವೆ. ಅಲಾಸ್ಕಾಗೆ ಹೋಗುವ ಹಡಗು, ನೀವು ಈಗ ಇರುವ ಹಡಗಿನ ಬಗೆಯದ್ದೇನಾ ಅಂತ ಕೇಳಿ. ಹೌದು ಅಂದರೆ, ಕೋಣೆಯನ್ನು ಪರದೆ ಮೇಲೆ ಆರಿಸಬೇಡಿ, ನಡೆದು ನೋಡಿ ಆರಿಸಿ. ನಿಮಗೆ ಇಷ್ಟವಾದ ಕೋಣೆಯ ಮೇಲಿನ ಡೆಕ್ಕಿನಲ್ಲಿ ಏನಿದೆ ನೋಡಿ. ಈಜುಕೊಳ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು. ಅಡುಗೆಮನೆ ಇದ್ದರೆ ಗಾಡಿ ತಳ್ಳುವ ಸದ್ದು. ಕೆಳಗೆ ಥಿಯೇಟರ್ ಇದ್ದರೆ ರಾತ್ರಿ ಡ್ರಮ್ ಸದ್ದು ನೆಲದಿಂದ ಬರುತ್ತದೆ. ಮೇಲೂ ಕೆಳಗೂ ಬರೀ ಕೋಣೆಗಳೇ ಇರುವ ಡೆಕ್ ಅಂದರೆ ನಿದ್ದೆಗೆ ಒಳ್ಳೆಯದು. ಹಡಗಿನ ಮುಂಭಾಗದ ಕೆಳ ಡೆಕ್ಕಿನಲ್ಲಿ, ಬಂದರು ಮುಟ್ಟುವಾಗ ಪಕ್ಕಕ್ಕೆ ತಳ್ಳುವ ಯಂತ್ರದ ನಡುಕ ಹಾಸಿಗೆಗೇ ಬರುತ್ತದೆ. ಬಂದರು ಮುಟ್ಟುವುದು ಹೆಚ್ಚಾಗಿ ಬೆಳಗ್ಗೆ ಬೇಗ.

ಪಕ್ಕದ ಕೋಣೆಗೆ ನಡುವೆ ಬಾಗಿಲು ಇರುವ ಕೋಣೆಗಳಲ್ಲಿ ಅಕ್ಕಪಕ್ಕದ ಮಾತು ಕೇಳಿಸುತ್ತದೆ. ಎರಡು ಕೋಣೆ ತೆಗೆದುಕೊಳ್ಳುವ ಕುಟುಂಬಕ್ಕೆ ಅದು ವರ, ನಿಮಗೆ ಬೇಡ. ಮಗಳ ಹಾಸಿಗೆ ಸೋಫಾ ಬಿಚ್ಚಿದರೆ ಆಗುವಂಥದ್ದಾ, ಮೇಲಿನಿಂದ ಇಳಿಸುವಂಥದ್ದಾ ಅಂತಲೂ ನೋಡಿ. ಸೋಫಾ ಬಿಚ್ಚಿದರೆ ಕೆಲವು ಕೋಣೆಗಳಲ್ಲಿ ಬಾಲ್ಕನಿಗೆ ಹೋಗಲು ಕಾಲಿಡುವ ಜಾಗ ಇರುವುದಿಲ್ಲ. ಈಗಿನ ನಿಮ್ಮ ಕೋಣೆಯಲ್ಲೇ ಇದು ಹೇಗಿದೆ ಅಂತ ನಿಮಗೆ ಗೊತ್ತಾಗಿರುತ್ತದೆ. ಅಲಾಸ್ಕಾಗೆ ಬಾಲ್ಕನಿಗೆ ಹಣ ಹಾಕುವುದು ಸರಿಯೇ ಅಂತ ಕೇಳಿದರೆ, ನಾನು ಸರಿ ಅನ್ನುತ್ತೇನೆ. ಕೆರಿಬಿಯನ್‌ನಲ್ಲಿ ನೋಟ ಎಲ್ಲಾ ದಡದಲ್ಲಿ. ಅಲಾಸ್ಕಾದಲ್ಲಿ ನೋಟ ಹಡಗಿನಿಂದಲೇ. ಬೇರೆ ಬಗೆಯ ಕೋಣೆ ಒಳಗಿನಿಂದ ನೋಡಬೇಕು ಅಂದರೆ ಕೌಂಟರಿನಲ್ಲೇ ಕೇಳಿ, ಖಾಲಿ ಇದ್ದರೆ ತೋರಿಸುವುದುಂಟು. ಸ್ವಚ್ಛ ಮಾಡುವಾಗ ಬಾಗಿಲು ತೆರೆದಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳದೆ ಒಳಗೆ ಇಣುಕಬೇಡಿ, ಅದು ಇನ್ನೊಬ್ಬರ ಕೋಣೆ ಅಲ್ವಾ. ಇಷ್ಟವಾದ ಮೂರು ಕೋಣೆ ನಂಬರ್ ಬರೆದುಕೊಳ್ಳಿ. ನಂಬರ್ ಕೊಡದೆ, ಸಿಕ್ಕಿದ್ದು ಕೊಡುತ್ತೇವೆ ಅನ್ನುವ ಗ್ಯಾರಂಟಿ ಕೋಣೆ ಅಗ್ಗ. ಮಗು ಜೊತೆ ಹೋಗುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಯಾವಾಗ ಹೋಗಬೇಕು? ಬಂದರಿನ ದಿನ, ಎಲ್ಲರೂ ದಡಕ್ಕೆ ಇಳಿದ ಮೇಲೆ ಕೌಂಟರ್ ತೆರೆದಿದ್ದರೆ ಅದೇ ಒಳ್ಳೆಯ ಹೊತ್ತು. ಸಮುದ್ರದ ದಿನ ಜನ ಜಾಸ್ತಿ. ಕೊನೆಯ ಸಂಜೆಯಂತೂ ಬೇಡವೇ ಬೇಡ. ಅವತ್ತು ಅವರಿಗೂ ಸಮಯ ಇಲ್ಲ, ನಿಮಗೂ ಇಲ್ಲ. ಕೆಲವು ಹಡಗುಗಳಲ್ಲಿ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಬಹುದು. ಇವತ್ತು ಸಂಜೆ ಹೋಗಿ ನಾಳೆಗೆ ಅಥವಾ ನಾಡಿದ್ದಿಗೆ ಹೆಸರು ಬರೆಸಿ. ಯಜಮಾನರನ್ನೂ ಕರೆದುಕೊಂಡು ಹೋಗಿ. ಮೊದಲ ಭೇಟಿಯಲ್ಲಿ ಬರೀ ಕೇಳಿ, ಎರಡೂ ದರ ಬರೆಸಿಕೊಂಡು ಎದ್ದು ಬನ್ನಿ. ಹಡಗಿನ ವೈಫೈ ಇದ್ದರೆ ಏಜೆಂಟಿಗೆ ಒಂದು ಸಂದೇಶ ಹಾಕಿ. ಇಬ್ಬರೂ ಒಂದು ರಾತ್ರಿ ಯೋಚಿಸಿ. ಮಾರನೆಯ ದಿನ ಹೋಗಿ ಬುಕ್ ಮಾಡಿದರೂ ಸಾಮಾನ್ಯವಾಗಿ ಕ್ರೆಡಿಟ್ ಅಷ್ಟೇ ಇರುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಮನಸ್ಸು ಒಪ್ಪದಿದ್ದರೆ, ವಾಪಸ್ ಬರುವ ಓಪನ್ ಡಿಪಾಸಿಟ್ ಇದೆಯಾ ಕೇಳಿ, ಅದನ್ನು ಕಟ್ಟಿ ಬನ್ನಿ. ಅದೂ ಇಲ್ಲ ಅಂದರೆ ಸುಮ್ನೆ ಎದ್ದು ಬನ್ನಿ.

ಮುಂಗಡ ಕಟ್ಟುವುದು ಯಾವ ದೇಶದ ಹಣದಲ್ಲಿ ಅಂತ ಗಮನಿಸಿ. ನಿಮ್ಮ ಕಾರ್ಡಿನ ಹಣ ಬೇರೆಯಾಗಿದ್ದರೆ, ಕಟ್ಟುವಾಗ ಒಂದು ವಿನಿಮಯ ದರ, ವಾಪಸ್ ಬರುವಾಗ ಇನ್ನೊಂದು. ಬ್ಯಾಂಕಿನ ಶುಲ್ಕವೂ ಸೇರಬಹುದು. ಪೂರ್ತಿ ವಾಪಸ್ ಅಂದರೂ ಕೈಗೆ ಸ್ವಲ್ಪ ಕಡಿಮೆ ಬರಬಹುದು. ನಿಯಮಗಳೂ ನೀವು ಯಾವ ದೇಶದ ನಿವಾಸಿ ಅನ್ನುವುದರ ಮೇಲೆ ಬದಲಾಗುತ್ತವೆ. ಹಾಗಾಗಿ ಪಕ್ಕದ ಮೇಜಿನವರಿಗೆ ಹೇಳಿದ್ದೇ ನಿಮಗೂ ಅನ್ವಯಿಸುತ್ತದೆ ಅಂದುಕೊಳ್ಳಬೇಡಿ.

ಬುಕ್ ಆದ ಮೇಲೆ ಹಡಗಿನಿಂದ ಇಳಿಯುವ ಮೊದಲು ಬುಕಿಂಗ್ ನಂಬರ್ ಇರುವ ಕಾಗದ ಕೈಗೆ ತೆಗೆದುಕೊಳ್ಳಿ. ಅದರಲ್ಲಿ ತಾರೀಕು, ಹಡಗಿನ ಹೆಸರು, ಕೋಣೆ ನಂಬರ್, ಮುಂಗಡ ಯಾವ ಬಗೆ, ಕ್ರೆಡಿಟ್ ಎಷ್ಟು, ಏಜೆಂಟ್ ಹೆಸರು ಎಲ್ಲಾ ಬಂದಿದೆಯಾ ನೋಡಿ. ತಪ್ಪಿದ್ದರೆ ಅಲ್ಲೇ ಸರಿ ಮಾಡಿಸಿ. ಬಾಯಲ್ಲಿ ಹೇಳಿದ್ದು, ಕಾಗದದಲ್ಲಿ ಬಾರದೇ ಇದ್ದದ್ದು ಆಮೇಲೆ ಎಲ್ಲೂ ನಡೆಯುವುದಿಲ್ಲ.

ಕೌಂಟರಿಗೆ ಹೋಗುವ ಮೊದಲು ಕೋಣೆಯ ತಿಜೋರಿಯಿಂದ ಮೂರೂ ಪಾಸ್‌ಪೋರ್ಟ್ ತೆಗೆಯಿರಿ. ಹೆಸರು ಅದರಲ್ಲಿ ಇದ್ದ ಹಾಗೇ, ಒಂದಕ್ಷರವೂ ಬದಲಾಗದೆ ಬರಲಿ. ಪಾಸ್‌ಪೋರ್ಟ್ ಮುಗಿಯುವ ತಾರೀಕು ನೋಡಿ. ಪ್ರಯಾಣ ಮುಗಿದ ಮೇಲೂ ಆರು ತಿಂಗಳು ಉಳಿದಿರಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ನಿಮಗೆ ವೀಸಾ ಬೇಕಾಗುವುದಾದರೆ, ಅಲಾಸ್ಕಾ ದಾರಿಯಲ್ಲಿ ಅಮೆರಿಕಾ, ಕೆನಡಾ ಎರಡಕ್ಕೂ ಬೇಕಾಗಬಹುದು. ಕೆನಡಾ ಮುಟ್ಟಿ ಮತ್ತೆ ಅಮೆರಿಕಾಗೆ ಬರುವುದರಿಂದ ಅಮೆರಿಕಾ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವಂಥದ್ದಾಗಿರಬೇಕು. ಮಕ್ಕಳ ಪಾಸ್‌ಪೋರ್ಟ್ ಅವಧಿ ಹಲವು ದೇಶಗಳಲ್ಲಿ ದೊಡ್ಡವರದ್ದಕ್ಕಿಂತ ಕಡಿಮೆ ಇರುತ್ತದೆ, ಐದು ವರ್ಷದ ಆಸುಪಾಸು. ನಿಮ್ಮ ಮಗಳದ್ದನ್ನೇ ಮೊದಲು ನೋಡಿ.